ಅಕ್ಕನ ಕೊಕ್ಕೆ

ಟ್ರ್ಯಾಕಮ್ಮನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಂಥವಳನ್ನು ದನಿ ತಿದ್ದುವ ಟೀಚರ್ ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೊಂದು ದಪ್ಪ ನಿಘಂಟು ಇಟ್ಟು, "ಉಸಿರು ತಗೊಂಡಾಗ ಪುಸ್ತಕ ಏಳಬೇಕು, ಬಿಟ್ಟಾಗ ಇಳೀಬೇಕು. ಎದೆ ಅಲುಗಬಾರದು, ಭುಜ ಅಲುಗಬಾರದು. ಆ ಕಾಲು ಕುಣಿಸ್ತಿದ್ದೀಯಲ್ಲ, ಅದಂತೂ ಅಲುಗಲೇಬಾರದು," ಎಂದು ಹೇಳಿ ಚಹಾ ಮಾಡಿಕೊಳ್ಳಲು ಒಳಗೆ ಹೋಗಿಬಿಡುತ್ತಿದ್ದರು. ಇವಳು ಸೂರು ನೋಡುತ್ತಾ ಮಲಗಿರಬೇಕು. ಮೂವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸು, ಹಾಡಿಯೇ ಹೊಟ್ಟೆ ಹೊರೆಯುವವಳು, ಈಗ ಉಸಿರಾಡುವುದನ್ನು ಕಲಿಯುತ್ತಿದ್ದಾಳೆ ಎಂದರೆ ಯಾರಾದರೂ ನಗದೆ ಇರುತ್ತಾರೆಯೇ? ಅವಳಿಗೇ ನಗು ಬರುತ್ತಿತ್ತು. ನಕ್ಕರೆ ನಿಘಂಟು ಜಾರಿ ಬೀಳುತ್ತಿತ್ತು.

ಅವಳಿಗೆ ಆ ಹೆಸರು ಅಂಟಿದ್ದು ಕೆಲಸದಿಂದ. ಹೊಸ ಹಾಡು ಯಾವುದೇ ಇರಲಿ, ಸ್ಟುಡಿಯೋದಲ್ಲಿ ಅದನ್ನು ಮೊದಲು ಹಾಡುವವಳು ಅವಳು. ಸಂಗೀತ ಸಂಯೋಜಕರು ಧಾಟಿ ಹೇಳಿಕೊಡುತ್ತಾರೆ, ಇವಳು ಗಾಜಿನ ಕೋಣೆಯಲ್ಲಿ ನಿಂತು ಮೊದಲಿಂದ ಕೊನೆಯವರೆಗೆ ಹಾಡಿಕೊಡುತ್ತಾಳೆ. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಆ ಟ್ರ್ಯಾಕ್ ಅಕ್ಕನ ಮನೆಗೆ ಹೋಗುತ್ತದೆ. ಅಕ್ಕ ಅದನ್ನು ಕೇಳಿ ಕೇಳಿ ಹಾಡು ಕಲಿತು, ಬಿಡುವಾದ ದಿನ ಬಂದು ಹಾಡುತ್ತಾಳೆ. ಅಕ್ಕನ ದನಿ ಬಂದು ಕೂತ ಮೇಲೆ ಟ್ರ್ಯಾಕಮ್ಮನ ದನಿಯನ್ನು ಅಳಿಸಿಹಾಕುತ್ತಾರೆ. ಹಳೆಯದನ್ನೆಲ್ಲ ಇಟ್ಟುಕೊಂಡು ಕೂರಲು ಅದೇನು ಉಗ್ರಾಣವೇ? ಹತ್ತು ಹನ್ನೆರಡು ವರ್ಷದಿಂದ ಹೀಗೆ ನಡೆದುಬಂದಿದೆ. ಮೂಲೆಮೂಲೆಯಲ್ಲೂ ಜನ ಗುನುಗುವ ಹಾಡುಗಳನ್ನು ಅವಳು ಎಲ್ಲರಿಗಿಂತ ಮೊದಲು ಹಾಡಿದ್ದಾಳೆ, ಆದರೆ ಅವಳು ಹಾಡಿದ್ದು ಒಂದೂ ಎಲ್ಲೂ ಇಲ್ಲ.

ಅಕ್ಕ ಎಂದರೆ ಯಾರ ಒಡಹುಟ್ಟಿದವಳೂ ಅಲ್ಲ. ಅಷ್ಟು ದೊಡ್ಡ ಗಾಯಕಿ, ಅವಳಿಗಿಂತ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅಕ್ಕನ ಹಾಡಿಗೆ ಒಂದು ಗುರುತಿದೆ. ಸಾಲು ಮುಗಿಯುವಲ್ಲಿ ದನಿ ನೆಟ್ಟಗೆ ಬಂದು ಕೂರುವುದಿಲ್ಲ. ಗಂಟಲಲ್ಲಿ ಒಂದು ಚೂರು ತಡೆಯುತ್ತದೆ, ಮೂಗಿನತ್ತ ಸ್ವಲ್ಪ ಏರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಜನ ಅದಕ್ಕೇ ಮರುಳಾದದ್ದು. ಆ ತಿರುವಿಗೆ ಅಕ್ಕನ ಕೊಕ್ಕೆ ಎಂದು ಹೆಸರು. ಹೊಸದಾಗಿ ಹಾಡಲು ಬರುವ ಹುಡುಗಿಯರೆಲ್ಲ ಕೊಕ್ಕೆ ಹಾಕಲು ಹೋಗಿ ಕೆಮ್ಮುತ್ತಾರೆ.

ಟ್ರ್ಯಾಕಮ್ಮನಿಗೆ ಬೇಕಾದದ್ದು ಒಂದೇ. ಅಳಿಸದೆ ಉಳಿಯುವ ಒಂದು ಹಾಡು. ಅದನ್ನು ಕೇಳಲು ಬಾಯಿ ಬಂದದ್ದೇ ವರ್ಷಗಳ ಮೇಲೆ. ಒಂದು ದಿನ ಧೈರ್ಯ ಮಾಡಿ ಕೇಳಿದಾಗ ಸಂಯೋಜಕರು ಕನ್ನಡಕ ತೆಗೆದು ಒರೆಸುತ್ತಾ, "ಹಾಡ್ತೀರಮ್ಮ, ಚೆನ್ನಾಗೇ ಹಾಡ್ತೀರ. ಆದ್ರೆ ಕಣ್ಣು ಮುಚ್ಚಿದ್ರೆ ಅಕ್ಕನೇ ಕೇಳಿಸ್ತಾಳೆ. ಅದೇ ಕೊಕ್ಕೆ, ಅದೇ ತಡೆ. ಅಕ್ಕನೇ ಇರೋವಾಗ ನಕಲು ಯಾರಿಗೆ ಬೇಕು? ನಿಮ್ದೇ ಅಂತ ಒಂದು ಶೈಲಿ ಮಾಡ್ಕೊಂಡು ಬನ್ನಿ, ನೋಡೋಣ," ಎಂದರು. ನಕಲು ಎಂಬ ಮಾತು ಅವಳ ಕೆನ್ನೆಗೆ ಬಾರಿಸಿದ ಹಾಗಾಯಿತು. ವರ್ಷಗಟ್ಟಲೆ ಅಕ್ಕನಿಗಾಗಿ ಹಾಡಿ ಹಾಡಿ ಅಕ್ಕನ ಗಾಳಿ ತನಗೂ ಸೋಕಿರಬೇಕು ಎಂದು ಅವಳೇ ನಂಬಿದಳು. ಮರುದಿನವೇ ಟೀಚರ್ ಮನೆ ಬಾಗಿಲು ತಟ್ಟಿದಳು.

ಟೀಚರ್ ಒಂಟಿ ಜೀವ, ಕೆಟ್ಟ ಸಿಡುಕಿ. ದನಿ ತಿದ್ದುವುದರಲ್ಲಿ ಮಾತ್ರ ಎತ್ತಿದ ಕೈ. ಮೊದಲ ದಿನ ಹಾಡಿಸಿ ಕೇಳಿ, "ರೋಗ ಗೊತ್ತಾಯ್ತು. ಅಕ್ಕ ನಿನ್ನ ಗಂಟಲಲ್ಲಿ ಬಾಡಿಗೆಗಿದ್ದಾಳೆ. ಮೊದಲು ಅವಳನ್ನ ಖಾಲಿ ಮಾಡಿಸಬೇಕು," ಎಂದರು. ಅಲ್ಲಿಂದ ಶುರುವಾಯಿತು ಪಾಠ. ನೀರಿನ ಲೋಟಕ್ಕೆ ಕೊಳವೆ ಇಟ್ಟು ಗುಳ್ಳೆ ಒಂದೇ ಸಮ ಏಳುವಂತೆ ಊದಿಸಿದರು. ಎರಡು ಬೆರಳಿನಿಂದ ದವಡೆ ಹಿಡಿದು "ಆ" ಹಾಡಿಸಿದರು. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದನಿ ಗೋಡೆಗೆ ಬಡಿದು ತನ್ನ ಕಿವಿಗೇ ಬರುವಂತೆ ಹಾಡಿಸಿದರು. ಸಾಲಿನ ಕೊನೆ ಬಂದಾಗ ಮಾತ್ರ ಕನ್ನಡಕದ ಡಬ್ಬಿ ಕೈಗೆತ್ತಿಕೊಳ್ಳುತ್ತಿದ್ದರು. ಕೊಕ್ಕೆ ಬಂತೋ, ಮೇಜಿನ ಮೇಲೆ ಟಪ್ ಎಂದು ಕುಟ್ಟುತ್ತಿದ್ದರು. "ಮತ್ತೆ ಬಂದ್ಲು ನೋಡು ಮಹಾರಾಣಿ. ಓಡಿಸು."

ಓಡಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಹಾದಿ ನಡೆಯುವಾಗ ಸಾಲಿನ ಕೊನೆಯನ್ನು ನೆಟ್ಟಗೆ ಕೂರಿಸುತ್ತಾ ಹೋದಳು. ದಾರಿಯಲ್ಲಿ ಯಾರೋ ಅಕ್ಕನ ಹಾಡು ಹಾಕಿದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಸ್ಟುಡಿಯೋದಲ್ಲಿ ಟ್ರ್ಯಾಕ್ ಹಾಡುವಾಗಲೂ ಕಟ್ಟುನಿಟ್ಟು. ಕೆಲವು ತಿಂಗಳಲ್ಲಿ ಉಸಿರು ಉದ್ದವಾಯಿತು, ದನಿ ತಿಳಿಯಾಯಿತು, ಕೊಕ್ಕೆ ಬರುವುದು ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇ ಹೋಯಿತು. ಟೀಚರ್ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿಟ್ಟರು. "ಮನೆ ಖಾಲಿ ಆಯ್ತು. ಇನ್ನು ನೀನು ಬಂದು ಸೇರ್ಕೋ," ಎಂದರು.

ಅಲ್ಲೇ ಎಡವಟ್ಟಾದದ್ದು. ಬಂದು ಸೇರಲು ಯಾರೂ ಇರಲಿಲ್ಲ. ದನಿ ಚೊಕ್ಕವಾಗಿತ್ತು, ಸ್ವರ ಒಂದೂ ಜಾರುತ್ತಿರಲಿಲ್ಲ, ಆದರೆ ಹಾಡಿ ಮುಗಿಸಿದರೆ ಹಾಡಿದ ಹಾಗೇ ಅನಿಸುತ್ತಿರಲಿಲ್ಲ. ಮನೆಗೆ ಕಳ್ಳ ನುಗ್ಗಿದ್ದು ಗೊತ್ತು, ಏನು ಹೋಗಿದೆ ಎಂದು ಮಾತ್ರ ತಿಳಿಯುತ್ತಿಲ್ಲ, ಅಂಥ ಕಸಿವಿಸಿ. ಉಗುರು ಕಚ್ಚಿ ಕಚ್ಚಿ ಮೋಟಾದವು. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಕಿಟಕಿ ತೆರೆಯುವಳು, ತೆರೆದದ್ದನ್ನು ಮತ್ತೆ ಮುಚ್ಚುವಳು. ಅಮ್ಮ ಗದರಿದರೆ ಅಮ್ಮನ ಮೇಲೇ ರೇಗುವಳು.

ಅಷ್ಟರಲ್ಲಿ ಸಂಯೋಜಕರ ಫೋನು ಬಂತು. ಅಕ್ಕ ಒಂದು ಹಾಡನ್ನು ಬಿಟ್ಟುಕೊಟ್ಟಿದ್ದಾಳೆ, ಗಂಟಲು ಸರಿಯಿಲ್ಲವಂತೆ. "ಶುಕ್ರವಾರ ಬನ್ನಿ. ಚೆನ್ನಾಗಿ ಬಂದ್ರೆ ನಿಮ್ಮ ದನಿಯನ್ನೇ ಇಟ್ಕೊಳ್ತೀವಿ. ನೆನಪಿರಲಿ, ಅಕ್ಕನ ಹಾಗೆ ಬೇಡ." ಅವಳು ಫೋನಿಟ್ಟು ಮನೆಯೊಳಗೇ ಗಾಣದೆತ್ತಿನ ಹಾಗೆ ಸುತ್ತಿದಳು. ಕೈಗೆ ಬಂದದ್ದು ಬಾಯಿಗೆ ಬರುವ ಹೊತ್ತು, ಬಾಯಿಯೇ ತನ್ನದಲ್ಲ ಎನಿಸಿದರೆ ಮಾಡುವುದೇನು?

ಟೀಚರಿಗೆ ಮಾತ್ರ ಸಂಭ್ರಮ. "ನನ್ನ ಶಿಷ್ಯೆ ಹಾಡೋವಾಗ ನಾನು ತೋಳು ಜೋಲಾಡೋ ಕೋಟಲ್ಲಿ ಬರಲಾ?" ಎಂದವರೇ ಗುರುವಾರ ಮಧ್ಯಾಹ್ನ ಕೋಟನ್ನು ಹೊತ್ತುಕೊಂಡು ಟ್ರ್ಯಾಕಮ್ಮನ ಮನೆಗೇ ಬಂದರು. ಅಮ್ಮ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಉದ್ದ ಕನ್ನಡಿ, ಗಿರಾಕಿ ಹತ್ತಿ ನಿಲ್ಲಲು ಒಂದು ಮಣೆ. ಟೀಚರ್ ಕೋಟು ತೊಟ್ಟು ಮಣೆ ಹತ್ತಿದರು. ಅಮ್ಮ ತುಟಿಗಳ ನಡುವೆ ಒಂದು ಸಾಲು ಗುಂಡುಸೂಜಿ ಕಚ್ಚಿಕೊಂಡು ತೋಳಿನ ಅಂಚು ಮಡಚತೊಡಗಿದಳು. ಟ್ರ್ಯಾಕಮ್ಮ ಬಾಗಿಲಿಗೊರಗಿ ನಾಳೆಯ ಸಾಲುಗಳನ್ನು ಮನಸ್ಸಿನಲ್ಲೇ ಉರುಹಾಕುತ್ತಿದ್ದಳು.

ಕೈ ಕೆಲಸಕ್ಕೆ ಬಿದ್ದೊಡನೆ ಅಮ್ಮ ಎಂದಿನಂತೆ ಗುನುಗಿದಳು. ಅದು ಯಾವ ಹಾಡೂ ಅಲ್ಲ, ಹೊಲಿಯುವವರು ತಮ್ಮ ಪಾಡಿಗೆ ಏನೋ ಎಳೆಯುತ್ತಾರಲ್ಲ, ಅದು. ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಸೂಜಿ ಉದುರುತ್ತದೆ. ಉಗುಳು ನುಂಗಬೇಕೆಂದರೂ ಹುಷಾರಾಗಿರಬೇಕು. ಎಳೆದ ದನಿ ಕೊನೆಗೆ ಬರುತ್ತಿದ್ದ ಹಾಗೆ ಅಮ್ಮ ಗಂಟಲಲ್ಲಿ ಒಂದು ಚೂರು ತಡೆದಳು, ನುಂಗಿದಳು, ದನಿ ಮೂಗಿನತ್ತ ಏರಿ ಮೆಲ್ಲಗೆ ಇಳಿಯಿತು.

ಟೀಚರ್ ಮಣೆಯ ಮೇಲೆ ಕಲ್ಲಾಗಿ ನಿಂತರು.

"ಇನ್ನೊಂದು ಸಲ ಅದನ್ನ ಗುನುಗಿ."

ಅಮ್ಮ ಸೂಜಿಗಳನ್ನು ಅಂಗೈಗೆ ಉಗಿದು, "ಯಾವುದನ್ನ? ಅಯ್ಯೋ, ನಾನೇನೋ ಸುಮ್ನೆ..." ಎಂದಳು.

"ಅಕ್ಕನ ಹಾಡು ಕೇಳ್ತೀರಾ ನೀವು?"

"ಯಾರಿಗೆ ಪುರುಸೊತ್ತಿದೆ ಕೇಳೋದಕ್ಕೆ? ಈ ಯಂತ್ರದ ಸದ್ದಲ್ಲಿ ನನ್ನ ಗುನುಗೇ ನನಗೆ ಕೇಳ್ಸಲ್ಲ." ಅಮ್ಮ ನಕ್ಕಳು. "ಇವಳು ಚಿಕ್ಕೋಳಿದ್ದಾಗ ಈ ಯಂತ್ರದ ಕೆಳಗೇ ಕೂತು ನನ್ನ ಜೊತೆ ಗುನುಗ್ತಿದ್ಲು. ಬಾಯಲ್ಲಿ ಸೂಜಿ ಇಲ್ಲದಿದ್ರೂ ತುಟಿ ಬಿಗಿ ಹಿಡ್ಕೊಂಡು. ನೋಡಿದೋರಿಗೆಲ್ಲ ಒಂದೇ ನಗು."

ಟೀಚರ್ ಮಣೆಯಿಂದ ಇಳಿದು, ಅರ್ಧ ಸೂಜಿ ಚುಚ್ಚಿದ ಕೋಟಿನಲ್ಲೇ ಕುರ್ಚಿಗೆ ಕುಸಿದರು. ಆಮೇಲೆ ಟ್ರ್ಯಾಕಮ್ಮನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. "ಅಕ್ಕ ಹಾಡೋದಕ್ಕೆ ಬರೋ ಮುಂಚೆಯಿಂದ ಇದು ನಿಮ್ಮನೇಲಿದೆ ಕಣೇ. ನೀನು ಟ್ರ್ಯಾಕ್ ಹಾಡೋದಕ್ಕೆ ಬಂದ ಮೇಲೇ ಅವಳ ಹಾಡಲ್ಲಿ ಕೊಕ್ಕೆ ಬಂದದ್ದು. ಅವಳೇ ನಿನ್ನ ಟ್ರ್ಯಾಕಿಂದ ಎತ್ಕೊಂಡಿರೋದು. ನಾನು ಇಷ್ಟು ದಿನ ನಿಮ್ಮಮ್ಮನ್ನ ನಿನ್ನ ಗಂಟಲಿಂದ ಓಡಿಸ್ತಾ ಕೂತಿದ್ದೆ. ನನ್ನ ಕಿವಿಗೆ ಬೆಂಕಿ ಬೀಳ!"

ಟ್ರ್ಯಾಕಮ್ಮನಿಗೆ ಮೊದಲು ಖುಷಿಯಾಯಿತು, ಹಿಂದೆಯೇ ಸಿಟ್ಟು ಬಂತು. ಸಿಟ್ಟು ಅಕ್ಕನ ಮೇಲೋ, ಟೀಚರ ಮೇಲೋ, ತನ್ನದನ್ನು ತಾನೇ ಕಳ್ಳಮಾಲು ಎಂದು ಒಪ್ಪಿಕೊಂಡು ಬೀದಿಗೆಸೆದ ತನ್ನ ಮೇಲೋ, ಅವಳಿಗೇ ಬಗೆಹರಿಯಲಿಲ್ಲ. ಅಮ್ಮನಿಗೆ ಇದೆಲ್ಲ ತಲೆಬುಡ ತಿಳಿಯದೆ, "ಕೋಟು ಬಿಚ್ಚಿಕೊಡಿ, ಸೂಜಿ ಚುಚ್ಚೀತು," ಎಂದಳು.

ಸರಿ, ತನ್ನದೇ ಎಂದು ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಬಂದುಬಿಡುತ್ತದೆಯೇ? ಆ ಸಂಜೆ ಒಳಕೋಣೆಯ ಬಾಗಿಲು ಹಾಕಿಕೊಂಡು ಹಾಡಿ ನೋಡಿದಳು. ಸಾಲಿನ ಕೊನೆಯಲ್ಲಿ ಬೇಕೆಂದೇ ತಡೆದಳು, ಬೇಕೆಂದೇ ಏರಿಸಿದಳು. ಕೇಳಿದರೆ, ಅಸಹ್ಯ! ಅಕ್ಕನನ್ನು ಅಣಕಿಸುವವರ ಹಾಗೇ ಇತ್ತು. ಓಡಿಸುವಾಗ ಬೇಡಬೇಡವೆಂದರೂ ಬರುತ್ತಿದ್ದದ್ದು, ಕೈಮುಗಿದು ಕರೆದರೆ ವೇಷ ಹಾಕಿಕೊಂಡು ಬರುತ್ತಿತ್ತು. ಅಮ್ಮನ ಎದುರು ಕೂತು ಗುನುಗಿಸಿಕೊಂಡಳು. ಕೇಳುತ್ತಾರೆಂದು ಗೊತ್ತಾದ ಮೇಲೆ ಅಮ್ಮನಿಗೂ ಬರಲಿಲ್ಲ. "ಹೋಗೇ, ನನಗೆ ನಾಚಿಕೆ ಆಗುತ್ತೆ," ಎಂದು ಎದ್ದುಹೋದಳು.

ಶುಕ್ರವಾರ ಸ್ಟುಡಿಯೋಗೆ ಹೊತ್ತಿಗೆ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಒಳಗೆ ಎಲ್ಲ ಎಂದಿನಂತೆಯೇ ಇತ್ತು. ಗಾಜಿನ ಈಚೆ ಅವಳು, ಆಚೆ ಸಂಯೋಜಕರು ಮತ್ತು ಧ್ವನಿಮುದ್ರಕ. ಅವರ ಪಕ್ಕದಲ್ಲಿ ತೋಳು ಸರಿಮಾಡಿಸಿದ ಕೋಟು ತೊಟ್ಟ ಟೀಚರ್. ಹಾಡು ಶುರುವಾಯಿತು. ಅವಳು ಹಟಕ್ಕೆ ಬಿದ್ದು ಸಾಲುಸಾಲಿಗೂ ಕೊಕ್ಕೆ ಹಾಕಿದಳು. ಎರಡನೆಯ ಚರಣ ಮುಟ್ಟುವ ಮೊದಲೇ ಕಿವಿಯಲ್ಲಿ ಸಂಯೋಜಕರ ದನಿ ಬಂತು.

"ನಿಲ್ಸಿ, ನಿಲ್ಸಿ. ಏನಮ್ಮ ಇದು? ತಿಂಗಳುಗಟ್ಟಲೆ ಎಷ್ಟು ಚೊಕ್ಕವಾಗಿ ಹಾಡ್ತಿದ್ರಿ. ಇವತ್ತೇ ಅಕ್ಕ ಮೈಮೇಲೆ ಬರಬೇಕಾ?"

"ಸಾರ್, ಇದು ಅಕ್ಕಂದಲ್ಲ. ನಂದು. ನನ್ನ ಟ್ರ್ಯಾಕಿಂದ ಅಕ್ಕ ಕಲ್ತಿದ್ದು."

ಸಂಯೋಜಕರು ಕೆಟ್ಟವರಲ್ಲ, ನಗಲಿಲ್ಲ. "ಇರಬಹುದಮ್ಮ. ಆದ್ರೆ ಅದನ್ನ ಮನೆಮನೆಗೆ ಹೋಗಿ ಯಾರು ಹೇಳ್ತಾರೆ? ಕೇಳೋರಿಗೆ ಅದು ಅಕ್ಕಂದೇ. ಹೊರಗೆ ಹೋಗಿ ನೀರು ಕುಡಿದು ಬನ್ನಿ. ಆಮೇಲೆ ಸಾದಾ ಹಾಡಿ, ಮುಗಿಸಿಬಿಡೋಣ."

ಹೊರಗೆ ನೀರಿನ ಯಂತ್ರದ ಪಕ್ಕದ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ತಾನು ಬಿಟ್ಟ ಹಾಡನ್ನು ಯಾರು ಹಾಡುತ್ತಾರೆಂದು ಕೇಳಿ ಹೋಗಲು ಬಂದಿದ್ದಳಂತೆ. ಇಷ್ಟು ವರ್ಷ ಒಂದೇ ಹಾಡನ್ನು ಇಬ್ಬರೂ ಹಾಡಿದ್ದಾರೆ, ಆದರೆ ಎದುರಾಬದುರು ನಿಂತದ್ದು ಇದೇ ಮೊದಲು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, ಬೆಂಚಿನಲ್ಲಿ ಜಾಗ ಬಿಟ್ಟು ಸರಿದಳು. ಟ್ರ್ಯಾಕಮ್ಮ ಕೂರಲಿಲ್ಲ.

"ಗಂಟಲು ಹೇಗಿದೆ ಅಕ್ಕ?"

"ಗಂಟಲಿಗೇನಾಗಿದೆ ಮಣ್ಣು," ಎಂದಳು ಅಕ್ಕ. "ಈಚೆಗೆ ನಿನ್ನ ಟ್ರ್ಯಾಕುಗಳು ಒಗೆದು ಹಿಂಡಿದ ಬಟ್ಟೆ ಹಾಗೆ ಬರ್ತಿದ್ವು. ಕೇಳಿದ್ರೆ ಎಲ್ಲಿ ಏನು ಮಾಡ್ಬೇಕು ಅಂತಲೇ ತೋಚ್ತಿರಲಿಲ್ಲ. ಹಿಂದಿನ ಹಾಡಲ್ಲಿ ಅಂದಾಜಿನ ಮೇಲೆ ಕೊಕ್ಕೆ ಹಾಕ್ದೆ. ಜನ ಅಕ್ಕಂಗೆ ವಯಸ್ಸಾಯ್ತು ಅಂದ್ರು. ಅದಕ್ಕೇ ಇದನ್ನ ಬಿಟ್ಟೆ."

"ಹಾಗಾದ್ರೆ ನಿಮಗೆ ಗೊತ್ತಿತ್ತು."

ಅಕ್ಕ ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. "ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೊತ್ತು ಮಾಡ್ಕೊಳ್ಳೋದಕ್ಕೆ ಹೋಗಲಿಲ್ಲ." ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಕೇಳು. ಈಗ ಒಳಗೆ ಮತ್ತೆ ಕೊಕ್ಕೆ ಹಾಕ್ದೆಯಲ್ಲ, ಕೇಳಿಸ್ತು. ಈ ಹಾಡು ನನಗೆ ಬಿಟ್ಬಿಡು. ಮೊದಲಿನ ಹಾಗೆ ಟ್ರ್ಯಾಕ್ ಹಾಡಿಕೊಡು. ಮುಂದಿನ ಹಾಡನ್ನ ನಾನೇ ಹೇಳಿ ನಿನಗೆ ಕೊಡಿಸ್ತೀನಿ. ನನ್ನ ಮಾತು ಇಲ್ಲಿ ನಡೆಯುತ್ತೆ, ನಿನಗೂ ಗೊತ್ತು," ಎಂದಳು.

ನಡೆಯುತ್ತಿತ್ತು, ಸುಳ್ಳಲ್ಲ. ಹೂಂ ಎಂದರೆ ಎಲ್ಲ ಸಲೀಸು. ಕೊಕ್ಕೆ ತರುವ ಗೋಜಿಲ್ಲ, ನಕಲು ಎನಿಸಿಕೊಳ್ಳುವ ಅವಮಾನವಿಲ್ಲ, ಮುಂದಿನ ಹಾಡು ಹೇಗೂ ಕಾದಿರುತ್ತದೆ. ಟ್ರ್ಯಾಕಮ್ಮನ ಬಾಯಿತುದಿಗೆ ಹೂಂ ಬಂದೇಬಿಟ್ಟಿತ್ತು. ಆದರೆ ಮುಂದಿನದು, ಮುಂದಿನದು ಎಂದುಕೊಳ್ಳುತ್ತಲೇ ಇಷ್ಟು ವರ್ಷ ಕಳೆದದ್ದು ನೆನಪಾಯಿತು.

"ಇಲ್ಲ ಅಕ್ಕ. ಇದನ್ನ ನಾನೇ ಹಾಡ್ತೀನಿ."

"ಹಾಡು. ಜನ ನಿನ್ನನ್ನ ನನ್ನ ನಕಲು ಅಂತಾರೆ. ಸಾಯೋತನಕ ಅಂತಾರೆ."

"ಅನ್ನಲಿ ಬಿಡಿ. ನಕಲು ಅನ್ನಿಸ್ಕೊಂಡೇ ಹಾಡ್ತೀನಿ. ಹಾಡದೇ ಇರೋದಕ್ಕೆ ಮಾತ್ರ ಇನ್ನು ನನ್ನ ಕೈಲಾಗಲ್ಲ."

ನೀರು ಕುಡಿಯುವುದನ್ನೂ ಮರೆತು ಗಾಜಿನ ಕೋಣೆಗೆ ವಾಪಸು ಹೋಗಿ ನಿಂತಳು. ಕೊಕ್ಕೆ ಹಾಕಬೇಕೋ ಬಿಡಬೇಕೋ ಎಂದು ತೀರ್ಮಾನ ಮಾಡುವಷ್ಟು ವ್ಯವಧಾನವೂ ಇರಲಿಲ್ಲ. ಸಂಗೀತ ಬಂದಾಗ ಹಾಡಿದಳು, ಅಷ್ಟೆ. ಮೊದಲ ಸಾಲು ನೆಟ್ಟಗೆ ಬಂದು ಕೂತಿತು. ಎರಡನೆಯದೂ ಹಾಗೇ. ಉದ್ದನೆಯ ಉಸಿರು ಮೂರನೆಯ ಸಾಲನ್ನು ಎಲ್ಲೂ ಕಡಿಯದೆ ಎತ್ತಿಕೊಂಡು ಹೋಯಿತು. ಅಂಥ ಉಸಿರು ಅಕ್ಕನಿಗೂ ಇರಲಿಲ್ಲ, ಹಿಂದೆ ಅವಳಿಗೂ ಇರಲಿಲ್ಲ, ಅದು ಟೀಚರ್ ಕೊಟ್ಟದ್ದು. ನಾಲ್ಕನೆಯ ಸಾಲಿನ ಕೊನೆಗೆ ದನಿ ತಾನಾಗಿಯೇ ಒಂದು ಚೂರು ತಡೆಯಿತು, ಏರಿತು, ಇಳಿಯಿತು. ಅವಳು ತಡೆಯಲೂ ಇಲ್ಲ, ತಳ್ಳಲೂ ಇಲ್ಲ. ಚರಣ ಪೂರ್ತಿ ಸಾದಾ ಹೋಗಿ, ಬೇಕಾದ ಒಂದೇ ಒಂದು ಕಡೆ ಮತ್ತೆ ಬಂತು. ಮೈಯಲ್ಲಿದ್ದ ತಳಮಳವೆಲ್ಲ ಆ ಜಾಗದಲ್ಲಿ ಹೊರಗೆ ಬಂದಂತೆ ಅವಳಿಗೆ ಅನಿಸಿತು. ಅಳು ಬಂತು, ಅತ್ತರೆ ದನಿ ಕೆಡುತ್ತದೆಂದು ನುಂಗಿಕೊಂಡಳು.

ಗಾಜಿನ ಆಚೆ, ಅಕ್ಕ ಯಾವಾಗಲೋ ಒಳಗೆ ಬಂದು ಗೋಡೆಗೊರಗಿ ನಿಂತಿದ್ದಳು. ಸಂಯೋಜಕರು ಹಾಡಿನಲ್ಲಿ ಮುಳುಗಿ ಯಾರನ್ನೂ ನೋಡುತ್ತಿರಲಿಲ್ಲ. ಟೀಚರ್ ಮೊಣಕೈಯಿಂದ ಅವರನ್ನು ತಿವಿದು, ಕಣ್ಣಲ್ಲೇ ಅಕ್ಕನ ಕಡೆ ತೋರಿಸಿದರು. ಅಕ್ಕನ ತುಟಿ ಅಲುಗುತ್ತಿತ್ತು. ಟ್ರ್ಯಾಕಮ್ಮ ಒಂದು ಸಾಲು ಹಾಡಿ ಮುಗಿಸುವುದೇ ತಡ, ಅಕ್ಕನ ತುಟಿ ಅದೇ ಸಾಲನ್ನು ಸದ್ದಿಲ್ಲದೆ ಹಿಂಬಾಲಿಸುತ್ತಿತ್ತು. ಕೊಕ್ಕೆ ಬಂದ ಕಡೆ ಅಕ್ಕನ ಗಂಟಲೂ ಏರಿತು, ಒಂದು ಕ್ಷಣ ತಡವಾಗಿ. ಅವಳಿಗೆ ಅದರ ಪರಿವೆಯೇ ಇರಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಸಂಯೋಜಕರು ಅಕ್ಕನನ್ನು ನೋಡಿದರು, ಗಾಜಿನೊಳಗೆ ನೋಡಿದರು, ಮತ್ತೆ ಅಕ್ಕನನ್ನು ನೋಡಿದರು. ಧ್ವನಿಮುದ್ರಕನೂ ತಿರುಗಿ ನೋಡಿದ.

ಹಾಡು ಮುಗಿಯಿತು. ಚೆನ್ನಾಗಿ ಬಂತೋ, ಕೆಟ್ಟಿತೋ, ಮತ್ತೆ ನಕಲು ಎನ್ನುತ್ತಾರೋ? ಅವಳು ಮೈಕಿನ ಕಂಬ ಹಿಡಿದು ನಿಂತಳು. ಕಡೆಗೆ ಕಿವಿಯಲ್ಲಿ ಸಂಯೋಜಕರ ದನಿ ಬಂತು.

"ಅಮ್ಮಾ, ಇನ್ನೊಂದು ಸಲ ಹಾಡ್ತೀರಾ? ಅಕ್ಕ ಕೇಳಬೇಕಂತೆ."

"ಹಾಡ್ತೀನಿ ಸಾರ್, ಎಷ್ಟು ಸಲ ಬೇಕಾದ್ರೂ ಹಾಡ್ತೀನಿ," ಎಂದಳು ಅವಳು. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಮೊದಲು ಈಗ ಹಾಡಿದ್ದನ್ನ ಅಳಿಸಲ್ಲ ಅಂತ ಹೇಳಿ."